ಹತ್ತು ವರ್ಷ ಹಳೆಯ ಹೊಸ ಕಾರು

ನಮ್ಮವರು ಕಾರು ಓಡಿಸುವುದಿಲ್ಲ. ಓಡಿಸಲು ಬರುವುದೂ ಇಲ್ಲ. ಆದರೆ ನಮ್ಮ ಮನೆಗೆ ಯಾವ ಕಾರು ಬರಬೇಕೆಂದು ತೀರ್ಮಾನಿಸುವ ಪರಮಾಧಿಕಾರ ಮಾತ್ರ ಅವರದೇ. ಇದು ಯಾವ ಕಾನೂನಿನಲ್ಲಿದೆ ಎಂದು ದಯವಿಟ್ಟು ಅವರನ್ನು ಕೇಳಬೇಡಿ, ಕಲಮಿನ ಸಮೇತ ಹೇಳಿಬಿಡುತ್ತಾರೆ. ಅವರು ಕೋರ್ಟಿನಲ್ಲಿ ಬೆರಳಚ್ಚುಗಾರರು. ಸಾಕ್ಷಿಕಟ್ಟೆಯಲ್ಲಿ ನಿಂತವರು ಹೇಳಿದ್ದನ್ನೆಲ್ಲ ಟಕಟಕ ಎಂದು ದಾಖಲಿಸುವುದು ಅವರ ಕೆಲಸ. ಇಷ್ಟು ವರ್ಷ ಇನ್ನೊಬ್ಬರ ಸುಳ್ಳುಗಳನ್ನು ಒಂದಕ್ಷರ ತಪ್ಪಿಲ್ಲದೆ ಟೈಪು ಮಾಡಿ ಮಾಡಿ ಅವರಿಗೆ ಯಾರ ಮಾತಿನಲ್ಲೂ ನಂಬಿಕೆ ಉಳಿದಿಲ್ಲ. "ರೀ, ಹಾಲು ಉಕ್ತಾ ಇದೆ, ಒಲೆ ಆರಿಸಿ" ಎಂದರೆ "ನೀನೇ ಕಣ್ಣಾರೆ ನೋಡಿದ್ಯಾ, ಯಾರಾದ್ರೂ ಹೇಳಿದ್ರಾ?" ಎಂದು ಕೇಳುತ್ತಾರೆ. (ಅಷ್ಟರಲ್ಲಿ ಹಾಲು ತಾನೇ ಒಲೆಯ ಮೇಲಿಳಿದು ಸಾಕ್ಷಿ ನುಡಿದಿರುತ್ತದೆ.)

ಕಾರು ಓಡಿಸುವವಳು ನಾನು. ಮನೆಯಲ್ಲೇ ಕೇಕು ಮಾಡಿ ಮಾರುವುದು ನನ್ನ ಕಸುಬು. ಹುಟ್ಟಿದವರಿಗೆ, ಮದುವೆಯಾಗುವವರಿಗೆ, ಕೆಲಸದಿಂದ ನಿವೃತ್ತರಾಗಿ ಮನೆ ಸೇರಿ ಹೆಂಡತಿಗೆ ಕೆಲಸ ಹೆಚ್ಚಿಸುವವರಿಗೆ, ಎಲ್ಲರಿಗೂ ಕೇಕು ಕೊಟ್ಟಿದ್ದೇನೆ. ಕೇಕು ಮಾಡುವುದೇನು ಮಹಾ, ಕೈ ಪಳಗಿದರೆ ಬರುತ್ತದೆ. ಮಾಡಿದ ಕೇಕನ್ನು ಮಾಡಿದ ಆಕಾರದಲ್ಲೇ ಊರ ಆ ತುದಿಗೆ ಮುಟ್ಟಿಸುವುದಿದೆಯಲ್ಲ, ಅಲ್ಲಿ ನನ್ನ ಜೀವ ಬಾಯಿಗೆ ಬರುತ್ತದೆ.

ಯಾಕೆಂದರೆ ನಮ್ಮ ಕಾರು. ಅತ್ತೆ ಅದಕ್ಕೆ ಇಟ್ಟ ಹೆಸರು ಮುನಿಸಮ್ಮ. ಸುಮ್ಮನೆ ಇಟ್ಟದ್ದಲ್ಲ. ಏಸಿ ಸತ್ತು ಎಷ್ಟೋ ಕಾಲವಾಯಿತು. ನನ್ನ ಕಡೆಯ ಕಿಟಕಿಯ ಗಾಜು ತಾನಾಗಿ ಇಳಿಯುತ್ತದೆ. ಏರಬೇಕಾದರೆ ಎರಡೂ ಅಂಗೈ ಒತ್ತಿ ಮೇಲಕ್ಕೆ ಬೇಡಿಕೊಳ್ಳಬೇಕು. ಆಕ್ಸಿಲರೇಟರ್ ಅನ್ನು ಹಿಟ್ಟು ನಾದುವಂತೆ ಮೈಭಾರವೆಲ್ಲ ಹಾಕಿ ತುಳಿದರೆ ಮೊದಲು ಯೋಚನೆ ಮಾಡುತ್ತದೆ, ಆಮೇಲೆ ಕೆಮ್ಮುತ್ತದೆ, ಆಮೇಲೆ ಮುಂದಕ್ಕೆ ನೆಗೆಯುತ್ತದೆ. ಆ ನೆಗೆತಕ್ಕೆ ನನ್ನ ಸಕ್ಕರೆ ಗುಲಾಬಿಗಳು ಎಷ್ಟು ಉದುರಿವೆಯೋ ಲೆಕ್ಕವಿಲ್ಲ. ಇದೆಲ್ಲ ಸಹಿಸಬಹುದು. ಮನಸ್ಸು ಬಂದ ಕಡೆ ನಿಂತುಬಿಡುತ್ತದಲ್ಲ, ಅದನ್ನು ಹೇಗೆ ಸಹಿಸುವುದು? ಸಿಗ್ನಲ್ಲಿನಲ್ಲಿ ನಿಂತಿದೆ, ಸೇತುವೆಯ ನಟ್ಟನಡುವೆ ನಿಂತಿದೆ, ಅಗ್ನಿಶಾಮಕ ದಳದ ಗೇಟಿಗೆ ಅಡ್ಡಲಾಗಿ ನಿಂತು ಅವರನ್ನೇ ಉರಿಸಿದೆ.

ಇದಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ನಮ್ಮವರು ಪಕ್ಕದ ಸೀಟಿನಲ್ಲಿ ಕೂತರೆ ಮುನಿಸಮ್ಮ ನಿಲ್ಲುವುದೇ ಇಲ್ಲ. ಕೆಮ್ಮಿಲ್ಲ, ನೆಗೆತವಿಲ್ಲ, ಹೊಸ ಸೊಸೆ ನಡೆದಂತೆ ತಲೆ ತಗ್ಗಿಸಿ ಹೋಗುತ್ತದೆ. ದಿನಾ ಬಸ್ಸಿನಲ್ಲಿ ಕೋರ್ಟಿಗೆ ಹೋಗುವ ಅವರು ಇದರಲ್ಲಿ ಕೂರುವುದೇ ಅಪರೂಪ. ಹಾಗಾಗಿ ಅದು ನಿಂತದ್ದನ್ನು ಅವರು ಇದುವರೆಗೆ ಒಮ್ಮೆಯೂ ನೋಡಿಲ್ಲ. ದಾರಿಯಿಂದ ನಾನು ಫೋನು ಮಾಡಿ ಗೋಳು ಹೇಳಿಕೊಂಡರೆ, "ನೀನು ಹೇಳಿದ್ದು ನಾನು ಕೇಳಿದೆ. ಕೇಳಿದ ಮಾತು ಸಾಕ್ಷ್ಯ ಆಗಲ್ಲ ಕಣೇ" ಎನ್ನುತ್ತಾರೆ. ಒಂದು ದಿನ ತೋರಿಸಿಯೇ ತೀರುತ್ತೇನೆಂದು ಹಟ ಹಿಡಿದು ಅವರನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿದೆ. ಸೇತುವೆಯ ಏರು ಹತ್ತಿಸಿದೆ, ಬೇಕೆಂದೇ ಸಿಗ್ನಲ್ಲಿನಲ್ಲಿ ಆಫ್ ಮಾಡಿ ಆನ್ ಮಾಡಿದೆ. ಮುನಿಸಮ್ಮ ಹೂವೆತ್ತಿದಂತೆ ಓಡಿತು. ಮನೆ ಮುಂದೆ ಇಳಿಯುವಾಗ ಅವರು ಬಾನೆಟ್ಟನ್ನು ಮೆಲ್ಲಗೆ ತಟ್ಟಿ, "ಪಾಪ, ಮೂಕಪ್ರಾಣಿ" ಎಂದರು. ಆ ರಾತ್ರಿ ಅವರಿಗೆ ನಾನು ಬಡಿಸಲಿಲ್ಲ, ಅವರೇ ಹಾಕಿಕೊಂಡು ಉಂಡರು.

ಹೀಗೇ ನಡೆದುಹೋಗುತ್ತಿತ್ತೇನೋ, ಆದರೆ ನನ್ನ ಹಣೆಗೆ ಕ್ಲಬ್ಬಿನ ಆರ್ಡರು ಬಂತು. ಊರಾಚೆಯ ದೊಡ್ಡ ಕ್ಲಬ್ಬು. ಪ್ರತಿ ಶುಕ್ರವಾರ ಸಂಜೆ ಅಲ್ಲಿ ಯಾರದಾದರೂ ಸಮಾರಂಭ, ಪ್ರತಿ ಶುಕ್ರವಾರ ಮೂರಂತಸ್ತಿನ ಕೇಕು. ಬಿಡಿಬಿಡಿ ಆರ್ಡರುಗಳಿಗೆ ಕಾದು ಕಾದು ಬೇಸತ್ತಿದ್ದ ನನಗೆ ಅದು ಸರ್ಕಾರಿ ಕೆಲಸ ಸಿಕ್ಕಷ್ಟು ಸಂತೋಷ. ಮೂರನೇ ಶುಕ್ರವಾರ ಮುನಿಸಮ್ಮ ಸೇತುವೆಯ ಮೇಲೆ ಬಿಸಿಲಲ್ಲಿ ನಿಂತಿತು. ಅಂದಿನ ಕೇಕು ಯಾರೋ ದೊಡ್ಡ ಅಧಿಕಾರಿಯ ನಿವೃತ್ತಿಗೆ. ನಾನು ಕ್ಲಬ್ಬು ಮುಟ್ಟುವ ಹೊತ್ತಿಗೆ ಕ್ರೀಮು ಬೆವೆತು, ಮೇಲಿನ ಅಂತಸ್ತು ಜಾರಿ, ನಡುವಿನ ಅಂತಸ್ತು ಅದನ್ನು ಭುಜದ ಮೇಲೆ ಹೊತ್ತು ನಿಂತಂತಿತ್ತು. ನಿವೃತ್ತರಾದವರು ಅದನ್ನು ಬಹಳ ಹೊತ್ತು ನೋಡಿ, "ನನಗಿಂತ ಇದಕ್ಕೇ ಸುಸ್ತಾದ ಹಾಗಿದೆ" ಎಂದರಂತೆ. ಕ್ಲಬ್ಬಿನ ವ್ಯವಸ್ಥಾಪಕಿ ನನ್ನನ್ನು ಪಕ್ಕಕ್ಕೆ ಕರೆದರು. ಕೂಗಾಡುವ ಹೆಂಗಸಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು.

"ನಿಮ್ಮ ಕೇಕು ನಮ್ಮವರಿಗೆಲ್ಲ ಇಷ್ಟ. ಆದ್ರೆ ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ" ಎಂದರು.

ಮನೆಗೆ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಡ್ಡಿ ಮುರಿದಂತೆ ಹೇಳಿದೆ. "ಹೊಸ ಕಾರು ಬರ್ಬೇಕು. ದಾರೀಲಿ ನಿಲ್ಲದ ಕಾರು. ಇಲ್ಲಾಂದ್ರೆ ಈ ಆರ್ಡರು ಹೋಗುತ್ತೆ, ಆರ್ಡರು ಹೋದ್ರೆ ನಾನು ದಿನಾ ಪೂರ್ತಿ ಮನೇಲೇ ಇರ್ತೀನಿ, ನಿಮ್ಮ ಕಣ್ಣೆದುರಿಗೇ."

ಕೊನೆಯ ಮಾತು ನಾಟಿತು. ನಮ್ಮವರು ಕನ್ನಡಕ ತೆಗೆದರು. "ಸರಿ, ವಿಚಾರಣೆ ಶುರು ಮಾಡೋಣ" ಎಂದರು.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಬೇರೆಯವರಾದರೆ ಶೋರೂಮಿಗೆ ಹೋಗುತ್ತಾರೆ. ನಮ್ಮವರಿಗೆ ಶೋರೂಮಿನವರು 'ಹಿತಾಸಕ್ತಿಯುಳ್ಳ ಸಾಕ್ಷಿಗಳು'. ಜಾಹೀರಾತು 'ಪ್ರತಿವಾದಿಯ ಹೇಳಿಕೆ'. ಫೋನಿನಲ್ಲಿ ಜನ ಬರೆಯುವ ಅಭಿಪ್ರಾಯಗಳು 'ಅನಾಮಧೇಯ ಅರ್ಜಿಗಳು'. ಹಾಗಾದರೆ ಯಾರನ್ನು ನಂಬುವುದು? "ಸ್ವಂತ ಕಾರನ್ನ ಸ್ವಂತ ಓಡಿಸಿದೋರು. ಹತ್ತು ವರ್ಷ ಓಡಿಸಿರ್ಬೇಕು. ನಮಗೆ ಮಾರೋದ್ರಲ್ಲಿ ಅವರಿಗೆ ಲಾಭ ಇರಬಾರದು. ಅಂಥ ಒಬ್ಬ ಸಾಕ್ಷಿ ಬಂದು ನನ್ನ ಮುಂದೆ 'ಒಂದು ದಿನಾನೂ ದಾರೀಲಿ ನಿಂತಿಲ್ಲ' ಅಂತ ಹೇಳ್ಲಿ. ಆ ಕಾರನ್ನ ನಾನು ಕಣ್ಣುಮುಚ್ಚಿ ಒಪ್ತೀನಿ."

ಮೊದಲ ಸಾಕ್ಷಿ ಮೇಲಿನ ಮನೆಯ ಸಂಗೀತದ ಮೇಷ್ಟ್ರು. ಅವರದು ಎಲೆಕ್ಟ್ರಿಕ್ ಕಾರು. ಭಾನುವಾರ ಬೆಳಿಗ್ಗೆ ಅವರು ಕಾರು ಒರೆಸುತ್ತಿದ್ದಾಗ ನಮ್ಮವರು ಹೋಗಿ ಎದುರು ನಿಂತರು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಕಿವಿ ಕೊಟ್ಟೆ.

"ದಾರೀಲಿ ನಿಂತಿದ್ಯಾ ಮೇಷ್ಟ್ರೇ?"

"ಇಲ್ಲವೇ ಇಲ್ಲ. ಇದ್ರಲ್ಲಿ ಕೆಡೋದಕ್ಕೆ ಇರೋದೇ ಕಡಿಮೆ. ಆಯಿಲ್ ಬದಲಾಯಿಸ್ಬೇಕಿಲ್ಲ, ಗೇರ್ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ. ಮನೇಲೇ ಚಾರ್ಜಿಗೆ ಹಾಕಿ ಮಲಗಿದ್ರೆ ಬೆಳಿಗ್ಗೆ ತಯಾರು."

"ದೂರದೂರಿಗೆ ಹೋಗಿದೀರಾ?"

ಮೇಷ್ಟ್ರು ಬಟ್ಟೆ ಹಿಂಡಿದರು. "ದೂರಕ್ಕೆ ನಾನು ರೈಲಲ್ಲಿ ಹೋಗ್ತೀನಿ. ದಾರೀಲಿ ಚಾರ್ಜ್ ಮುಗಿದ್ರೆ ಅಂತ ಒಂದು ಅಳುಕು. ಏಸೀನೂ ಹಾಕಲ್ಲ, ಚಾರ್ಜ್ ಉಳೀಲಿ ಅಂತ."

"ಅಂದ್ರೆ ನಿಲ್ಲುವಷ್ಟು ದೂರ ನೀವು ಓಡಿಸೇ ಇಲ್ಲ" ಎಂದು ನಮ್ಮವರು ಪಾಟೀಸವಾಲು ಹಾಕಿದರು. "ಎಷ್ಟು ವರ್ಷ ಆಯ್ತು?"

"ಎರಡು."

"ಎರಡು" ಎಂದು ನಮ್ಮವರು ನನ್ನ ಕಡೆ ತಿರುಗಿ ನೋಡಿದರು. ಸಾಕ್ಷಿ ವಜಾ.

ಎರಡನೆಯ ಸಾಕ್ಷಿ ಹಲ್ಲಿನ ಡಾಕ್ಟರು. ಅವರದು ಹೈಬ್ರಿಡ್. ಅದನ್ನು ವಿಚಾರಿಸಲೆಂದೇ ನಮ್ಮವರು, ವರ್ಷದಿಂದ ಮುಂದೂಡುತ್ತ ಬಂದಿದ್ದ ಹುಳುಕು ಹಲ್ಲನ್ನು ತೋರಿಸಲು ಒಪ್ಪಿದರು ಎಂದರೆ ಅವರ ನಿಷ್ಠೆ ನೋಡಿ. ಕುರ್ಚಿಯಲ್ಲಿ ಬಾಯಿ ಅಗಲಿಸಿ ಮಲಗಿದ್ದರು, ಬಾಯಿ ತುಂಬ ಹತ್ತಿ. ಡಾಕ್ಟರು ಕೆಲಸ ಮಾಡುತ್ತಲೇ ಹೇಳುತ್ತಿದ್ದರು. "ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿ ಮೋಟಾರೂ ಇದೆ. ನಿಧಾನಕ್ಕೆ ಹೋಗುವಾಗ ಇದು, ಜೋರಾಗಿ ಹೋಗುವಾಗ ಅದು. ಬ್ಯಾಟರಿ ತಾನೇ ತುಂಬ್ಕೊಳ್ಳುತ್ತೆ, ಚಾರ್ಜಿಗೆ ಹಾಕೋ ಗೋಜಿಲ್ಲ. ಯಾವಾಗ ಯಾವುದು ಓಡಿಸ್ತಿದೆ ಅಂತ ನನಗೂ ಗೊತ್ತಾಗಲ್ಲ." ನಮ್ಮವರು ಉತ್ಸಾಹದಿಂದ ಎರಡೂ ಕೈಯ ಬೆರಳುಗಳನ್ನು ಅಗಲಿಸಿ ಎತ್ತಿ ತೋರಿಸಿದರು: ಹತ್ತು ವರ್ಷ ಆಯಿತೇ ಎಂದು. ಡಾಕ್ಟರು ಕರುಣೆಯಿಂದ, "ಅಷ್ಟೊಂದು ನೋವಾಗ್ತಿದ್ಯಾ?" ಎಂದು ಇನ್ನೊಂದು ಇಂಜಕ್ಷನ್ ಚುಚ್ಚಿದರು. ಮನೆಗೆ ಬಂದಾಗ ಗಲ್ಲ ಊದಿತ್ತು, ಸಾಕ್ಷ್ಯ ಮಾತ್ರ ಸಿಕ್ಕಿರಲಿಲ್ಲ.

ಅತ್ತೆಗೆ ನಾನು ಹೈಬ್ರಿಡ್ ಅಂದರೇನೆಂದು ವಿವರಿಸಿದೆ. ಅವರು ತಲೆಯಾಡಿಸಿದರು. "ಗೊತ್ತಾಯ್ತು ಬಿಡು. ಒಂದೇ ಅಡುಗೆಮನೇಲಿ ಇಬ್ಬರು ಹೆಂಗಸರು ಇದ್ದ ಹಾಗೆ. ಯಾರು ಮಾಡಿದ್ರು ಅಂತ ಗೊತ್ತಾಗಲ್ಲ. ಕೆಟ್ಟರೆ ಮಾತ್ರ ಇನ್ನೊಬ್ಬಳು ಮಾಡಿದ್ದು" ಎಂದು ಹೇಳಿ ನನ್ನ ಕಡೆ ನೋಡದೆ ಎದ್ದುಹೋದರು.

ಇನ್ನು ಬರೀ ಪೆಟ್ರೋಲಿನ ಕಾರುಗಳು. ಅದಕ್ಕೆ ನಮ್ಮವರು ಪೆಟ್ರೋಲ್ ಬಂಕಿನಲ್ಲೇ ಬೀಡುಬಿಟ್ಟರು. ಕೋರ್ಟು ಮುಗಿಸಿ ಬರುವಾಗ ಬಂಕಿನ ಹತ್ತಿರ ಬಸ್ಸಿಳಿದು, ಕಾರಿನ ಕಿಟಕಿಗಳಲ್ಲಿ ಇಣುಕಿ, "ಎಷ್ಟು ವರ್ಷ ಆಯ್ತು? ಎಷ್ಟು ಸಲ ನಿಂತಿದೆ? ನೆನಪು ಮಾಡ್ಕೊಂಡು ಹೇಳಿ, ಅವಸರ ಇಲ್ಲ" ಎಂದು ಶುರುಮಾಡಿದರೆ ಹಿಂದಿನವರೆಲ್ಲ ಹಾರನ್ ಒತ್ತುತ್ತಿದ್ದರಂತೆ. ಕೆಲವರು ಇವರನ್ನು ಯಾವುದೋ ಇಲಾಖೆಯವರೆಂದು ತಿಳಿದು ಕಾಗದಪತ್ರ ತೆಗೆದು ತೋರಿಸಿದರಂತೆ. ಹತ್ತು ವರ್ಷ ಓಡಿಸಿದವರೂ ಸಿಕ್ಕರು. ಆದರೆ ಅವರ ಕಾರುಗಳು ಈಗ ತಯಾರಾಗುವುದೇ ಇಲ್ಲ. ಈಗ ತಯಾರಾಗುವ ಕಾರುಗಳಿಗೆ ಹತ್ತು ವರ್ಷದ ಸಾಕ್ಷಿಗಳಿಲ್ಲ.

"ಅಂದ್ರೆ ನಿಮಗೆ ಬೇಕಾಗಿರೋದು ಹತ್ತು ವರ್ಷ ಹಳೇದಾಗಿರೋ ಹೊಸ ಕಾರು" ಎಂದೆ.

"ವ್ಯಂಗ್ಯ ದಾಖಲಾಗಲ್ಲ" ಎಂದರು.

ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಶುಕ್ರವಾರಗಳು ನಿಲ್ಲುತ್ತವೆಯೇ? ಪ್ರತಿ ಗುರುವಾರ ರಾತ್ರಿ ನನಗೆ ನಿದ್ದೆಯಿಲ್ಲ. ಟ್ಯಾಕ್ಸಿ ಮಾಡಿಕೊಂಡು ಹೋದೆ. ಆ ಚಾಲಕರು ಹಂಪುಗಳ ಮೇಲೆ ಓಡಿಸುವ ರೀತಿಗೆ ಮೂರಂತಸ್ತು ಹೋಗಿ ಎರಡೂವರೆ ಆಗಿತ್ತು. ಆ ಅರ್ಧ ನನ್ನ ಮಡಿಲಲ್ಲಿತ್ತು. ಕೊನೆಗೆ ಒಂದು ಶನಿವಾರ ನಮ್ಮವರ ತೋಳು ಹಿಡಿದು, "ಸಾಕ್ಷಿ ಸಾಕು, ಸ್ಥಳ ಪರಿಶೀಲನೆ ಮಾಡೋಣ ಬನ್ನಿ" ಎಂದು ಶೋರೂಮಿಗೆ ಎಳೆದುಕೊಂಡು ಹೋದೆ. ಜೊತೆಗೆ ಒಂದು ಎರಡಂತಸ್ತಿನ ಕೇಕು.

ಕೇಕು ಯಾಕೆ ಎಂದು ಶೋರೂಮಿನ ಹುಡುಗಿಯೂ ಕೇಳಿದಳು. ನನಗೆ ಆ ಪರದೆ, ಹಾಡು, ಛಾವಣಿಯ ಕಿಟಕಿ ಯಾವುದೂ ಬೇಡ. ಹಿಂದಿನ ಸೀಟಿನ ಕೇಕು ಕದಲಬಾರದು, ಕ್ರೀಮು ಕರಗಬಾರದು, ಅಷ್ಟೇ. ಪೆಟ್ರೋಲ್ ಕಾರಿನಲ್ಲಿ ಎರಡನೇ ಹಂಪಿಗೆ ಒಂದು ಗುಲಾಬಿ ಉದುರಿತು. ಹೈಬ್ರಿಡ್‌ನಲ್ಲಿ ಉದುರಲಿಲ್ಲ, ಆದರೆ ಹಿಂದಿನ ಸೀಟಿನ ಇಳಿಜಾರಿಗೆ ಕೇಕಿನ ಡಬ್ಬ ಸಲಾಂ ಹೊಡೆದಂತೆ ಬಾಗಿಕೊಂಡಿತು. ಕೊನೆಗೆ ಎಲೆಕ್ಟ್ರಿಕ್. ಮುನಿಸಮ್ಮನ ಅಭ್ಯಾಸದಲ್ಲಿ ನಾನು ಮೈಭಾರವೆಲ್ಲ ಹಾಕಿ ತುಳಿದೆ. ಅದು ಯೋಚನೆ ಮಾಡಲಿಲ್ಲ, ಕೆಮ್ಮಲಿಲ್ಲ. ಹಾರಿತು. ಹಿಂದೆ ಕೇಕು ಹಿಡಿದು ಕೂತಿದ್ದ ಶೋರೂಮಿನ ಹುಡುಗಿಯ ಮಡಿಲು, ಎದೆ, ಗದ್ದದವರೆಗೆ ಮೇಲಿನ ಅಂತಸ್ತು ಹರಡಿತು. ಪಾಪದ ಹುಡುಗಿ, ತುಟಿಯ ಮೇಲಿನದನ್ನು ನೆಕ್ಕಿ, "ಪಿಕಪ್ ಚೆನ್ನಾಗಿದೆ ಅಲ್ವಾ ಮೇಡಂ?" ಎಂದಳು. ಎರಡನೇ ಸಲ ಬೆರಳ ತುದಿಯಲ್ಲಿ ಮುಟ್ಟಿದಂತೆ ಪಾದ ಇಟ್ಟೆ. ಅಬ್ಬ, ಆ ಕಾರು ಹೊರಟದ್ದೂ ತಿಳಿಯಲಿಲ್ಲ, ನಿಂತದ್ದೂ ತಿಳಿಯಲಿಲ್ಲ. ಉಳಿದ ಕೆಳಗಿನ ಅಂತಸ್ತು ಕದಲಲಿಲ್ಲ. ತಣ್ಣನೆಯ ಏಸಿ. ನನಗೆ ಅಳು ಬಂತು. ಕ್ಲಬ್ಬು ನಮ್ಮ ಮನೆಯಿಂದ ಎಷ್ಟು ದೂರವಿದ್ದರೂ ಒಂದು ಚಾರ್ಜಿಗೆ ಹತ್ತು ಸಲ ಹೋಗಿಬರಬಹುದು. ಇನ್ನೇನು ಬೇಕು?

"ಇದೇ" ಎಂದೆ.

ನಮ್ಮವರು ಬಹಳ ಹೊತ್ತು ಮೀನಮೇಷ ಎಣಿಸಿ, "ಮಧ್ಯಂತರ ಆದೇಶ ಅಂತ ಬುಕ್ ಮಾಡೋಣ. ಅಂತಿಮ ತೀರ್ಪು ಕಾಯ್ದಿರಿಸಿದ್ದೀನಿ" ಎಂದರು. ಅಷ್ಟಕ್ಕೇ ನಾನು ದೇವರಿಗೆ ಕೈಮುಗಿದೆ. ತಿಳಿನೀಲಿ ಬಣ್ಣದ್ದು ಒಂದೇ ಉಳಿದಿತ್ತು, ಅದನ್ನೇ ನಮ್ಮ ಹೆಸರಿಗೆ ಬರೆಸಿದೆ.

ಉಳಿದದ್ದು ಒಂದೇ ತೊಡಕು. ನಮ್ಮ ಮನೆಯಲ್ಲಿ ಒಂದು ಕಾರಿಗೆ ಮಾತ್ರ ಜಾಗ. ಮುನಿಸಮ್ಮ ಹೋಗದೆ ಹೊಸದು ಬರುವಂತಿಲ್ಲ. ಶೋರೂಮಿನಿಂದ ಹಳೆಯ ಕಾರು ನೋಡಲು ಬಂದವನು ಸುತ್ತ ಒಂದು ಸಲ ತಿರುಗಿ, "ಇದನ್ನ ಇಲ್ಲಿಂದ ಒಯ್ಯೋ ಖರ್ಚು ಯಾರದು?" ಎಂದು ಕೇಳಿದ. ಆಗಲೇ ಅಕ್ಕನ ಫೋನು ಬಂತು.

ಅಕ್ಕ ಶಾಲೆಯ ಹೆಡ್‌ಮಿಸ್ಟ್ರೆಸ್. ಮನೆಯಲ್ಲೂ ಹೆಡ್‌ಮಿಸ್ಟ್ರೆಸ್, ಫೋನಿನಲ್ಲೂ ಹೆಡ್‌ಮಿಸ್ಟ್ರೆಸ್. "ನಾನು ಡ್ರೈವಿಂಗ್ ಕಲೀತಿದೀನಿ. ಕಲಿಯೋಕೆ ಒಂದು ಹಳೇ ಕಾರು ಬೇಕು. ನಿಂದು ಮಾರ್ತೀಯಂತೆ. ನಾಳೆ ಬರ್ತೀನಿ" ಎಂದಳು.

ನನ್ನನ್ನು ನಂಬಿ, ನಾನು ಅಕ್ಕನಿಗೆ ಮೋಸ ಮಾಡಬೇಕೆಂದುಕೊಂಡಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ, ಬೇಕಾದರೆ ಪುಕ್ಕಟೆ ಒಯ್ಯಿ ಎನ್ನುವುದೆಂದು ರಾತ್ರಿಯೇ ತೀರ್ಮಾನಿಸಿದ್ದೆ. ಆದರೆ ಅವಳು ಬಂದವಳೇ ಕಾರಿನ ಸುತ್ತ ತಪಾಸಣೆಗೆ ಬಂದ ಹಾಗೆ ಒಂದು ಸುತ್ತು ಹಾಕಿದಳು. ಬಾನೆಟ್ಟಿನ ಮೇಲೆ ಬೆರಳೆಳೆದಳು. ಬೆರಳು ನೋಡಿದಳು. ನನ್ನನ್ನು ನೋಡಿದಳು.

"ಹೀಗಾ ಕಾರು ಇಟ್ಕೊಳ್ಳೋದು? ಚಿಕ್ಕಂದಿನಿಂದ ನೀನು ಹೀಗೇ. ಏನು ಕೊಟ್ರೂ ಹಾಳು ಮಾಡ್ತೀಯ. ನನ್ನ ನೀಲಿ ಕೊಡೆ ಏನು ಮಾಡಿದೆ, ನೆನಪಿದ್ಯಾ?"

ಚುರ್ ಎಂದಿತು. ಹುಟ್ಟಿದಾಗಿನಿಂದ ನಾನು ಅಕ್ಕನ ಹಳೆಯದನ್ನೇ ಬಳಸಿದವಳು. ಅವಳ ಹಳೆಯ ಲಂಗ, ಅವಳ ಹಳೆಯ ಪುಸ್ತಕ, ಅವಳ ಹಳೆಯ ಚಪ್ಪಲಿ. ಆ ಕೊಡೆಯೂ ನನ್ನ ಕೈಗೆ ಬರುವಾಗಲೇ ಎರಡು ಕಡ್ಡಿ ಮುರಿದಿತ್ತು. ಜೀವಮಾನದಲ್ಲಿ ಮೊದಲ ಸಲ ನನ್ನ ಹಳೆಯ ವಸ್ತುವೊಂದು ಅಕ್ಕನ ಮನೆಗೆ ಹೋಗುವುದರಲ್ಲಿದೆ, ಅದಕ್ಕೂ ಮೂಗು ಮುರಿಯುತ್ತಾಳಲ್ಲ ಎಂದು ರೇಗಿತು. ಬಾಯಿ ನನ್ನ ಕೈಮೀರಿತು.

"ಧೂಳು ನೋಡ್ಬೇಡ ಅಕ್ಕ, ಗಾಡಿ ನೋಡು. ಇಂಥ ಗಾಡಿ ದುಡ್ಡು ಕೊಟ್ರೂ ಸಿಗಲ್ಲ. ಸ್ಟಾರ್ಟ್ ಮಾಡಿ ತೋರಿಸ್ಲಾ? ರೀ, ಬನ್ನಿ, ನೀವೂ ಮುಂದೆ ಕೂತ್ಕೊಳ್ಳಿ" ಎಂದೆ. (ನಾನೂ ದಡ್ಡಿಯಲ್ಲ. ಅವರು ಕೂತರೆ ಏನಾಗುತ್ತದೆಂದು ನನಗೆ ಗೊತ್ತು.)

ಅಕ್ಕ ಹಿಂದೆ ಕೂತಳು. ಕೀಲಿ ತಿರುಗಿಸಿದ್ದೇ ತಡ, ಮುನಿಸಮ್ಮ ಗುರ್ ಎಂದು ಹೊರಟಿತು. ಬೀದಿಯ ಕೊನೆಯವರೆಗೆ ಹೋಗಿಬಂದೆವು. ಅಕ್ಕನ ಹುಬ್ಬು ಸ್ವಲ್ಪ ಮೇಲೇರಿದ್ದು ಕನ್ನಡಿಯಲ್ಲಿ ಕಂಡಿತು. ನನಗೆ ಇನ್ನೂ ಹುರುಪು ಬಂತು. ಅಷ್ಟರಲ್ಲಿ ಪಕ್ಕದಿಂದ ನಮ್ಮವರ ಗಂಟಲು ಸರಿಮಾಡಿಕೊಂಡ ಸದ್ದು.

"ಈ ಕಾರನ್ನ ನೀನು ಎಷ್ಟು ವರ್ಷದಿಂದ ಓಡಿಸ್ತಿದೀಯ?"

"ಹತ್ತು ವರ್ಷದಿಂದ."

"ದಾರೀಲಿ ಯಾವತ್ತಾದ್ರೂ ನಿಂತಿದ್ಯಾ?"

ನನಗೆ ಕಣ್ಣು ತುಂಬಿ ಬಂತು. ಮದುವೆಯಾದ ಮೇಲೆ ಇದೇ ಮೊದಲ ಸಲ ಈ ಮನುಷ್ಯ ನನ್ನ ಪರವಾಗಿ ವಕಾಲತ್ತು ವಹಿಸಿದ್ದಾರೆ, ಕಾರು ಮಾರಲು ನೆರವಾಗುತ್ತಿದ್ದಾರೆ ಎಂದುಕೊಂಡೆ. "ಒಂದೇ ಒಂದು ದಿನಾನೂ ನಿಂತಿಲ್ಲ" ಎಂದೆ, ಗಟ್ಟಿಯಾಗಿ.

"ಯಾರ ಒತ್ತಾಯಾನೂ ಇಲ್ಲದೆ, ಸ್ವಇಚ್ಛೆಯಿಂದ ಹೇಳ್ತಿದೀಯಾ?"

"ಸ್ವಇಚ್ಛೆಯಿಂದ. ನನ್ನ ಓವನ್ ಮೇಲಾಣೆ."

"ಸುಳ್ಳಲ್ಲ ತಾನೇ?" ಎಂದು ಹಿಂದಿನಿಂದ ಅಕ್ಕ ಕೇಳಿದಳು.

"ಒಡಹುಟ್ಟಿದ ಅಕ್ಕನಿಗೆ ಸುಳ್ಳು ಹೇಳ್ತೀನಾ?" ಎಂದೆ.

ಆಮೇಲೆ ಅಕ್ಕ ಕೇಳಿದಳು. "ಇಷ್ಟು ಒಳ್ಳೆ ಕಾರನ್ನ ಮತ್ತೆ ಯಾಕೆ ಮಾರ್ತಿದೀಯ?"

"ನಾನೂ ಅದನ್ನೇ ಕೇಳೋಣ ಅಂತಿದ್ದೆ ಅತ್ತಿಗೆ" ಎಂದರು ನಮ್ಮವರು. ಅವರ ಮುಖದಲ್ಲಿ, ಬಹುಕಾಲದಿಂದ ಹುಡುಕುತ್ತಿದ್ದದ್ದು ಮನೆಯಲ್ಲೇ ಸಿಕ್ಕವರ ಶಾಂತಿ. "ಸ್ವಂತ ಕಾರು, ಸ್ವಂತ ಓಡಿಸಿದ್ದು, ಪೂರ್ತಿ ಹತ್ತು ವರ್ಷ. ಒಡಹುಟ್ಟಿದವಳ ಮುಂದೆ ಹೇಳಿದ ಮಾತು. ಇಂಥ ಸಾಕ್ಷಿಗೋಸ್ಕರ ನಾನು ಬಂಕಿನಲ್ಲಿ ಎಷ್ಟು ದಿನ ನಿಂತೆ."

"ಅಯ್ಯೋ, ನಾನು ದಿನಾ ನಿಮ್ಮತ್ರ ಅತ್ತಿದ್ದು?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

"ಅದು ಕೋಪದಲ್ಲಿ ಆಡಿದ ಮಾತು. ಸಾಕ್ಷ್ಯ ಆಗಲ್ಲ."

ನಾನು ಏನು ಹೇಳಲಿ, ನೀವೇ ಹೇಳಿ. ಈ ಕಾರು ಡಬ್ಬ ಎಂದರೆ ಹಿಂದೆ ಕೂತ ಅಕ್ಕ, "ಅಂದ್ರೆ ನನ್ನ ತಲೆಗೆ ಡಬ್ಬ ಕಟ್ಟೋಕೆ ನೋಡಿದ್ಯಾ?" ಎಂದು ಜೀವಮಾನವಿಡೀ ಕೊಡೆಯ ಜೊತೆ ಇದನ್ನೂ ಸೇರಿಸುತ್ತಾಳೆ. ಒಳ್ಳೆಯದು ಎಂದರೆ ಮಾರುವ ಹಾಗಿಲ್ಲ. ನಾನು ಸ್ಟೀರಿಂಗ್ ಹಿಡಿದು ಇಂಗು ತಿಂದ ಮಂಗನ ಹಾಗೆ ಕೂತೆ. ಮುಂದಿನ ಮಾತುಕತೆ ನನ್ನನ್ನು ಬಿಟ್ಟು ನಡೆಯಿತು.

"ಬುಕ್ ಮಾಡಿರೋ ಹೊಸ ಕಾರು ಏನು ಮಾಡ್ತೀರಿ?" ಅಕ್ಕ ಕೇಳಿದಳು.

"ಅಗತ್ಯ ಇಲ್ಲವಲ್ಲ, ರದ್ದು ಮಾಡ್ಬೇಕು."

"ಅದಕ್ಕೆ ಗೇರೇ ಇಲ್ವಂತೆ. ಕಲಿಯೋರಿಗೆ ಸುಲಭ ಆಗುತ್ತೆ. ನನ್ನ ಹೆಸರಿಗೆ ಮಾಡಿಸ್ಬಿಡಿ."

ತಿಳಿನೀಲಿ ಕಾರು ಅಕ್ಕನ ಮನೆಗೆ ಹೋಯಿತು. ಅತ್ತೆ ಎಲ್ಲ ಕೇಳಿ, ಮುನಿಸಮ್ಮನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಇರ್ಲಿ ಬಿಡು, ಒಗ್ಗಿಹೋಗಿದೆ" ಎಂದರು. ಯಾರಿಗೆ ಯಾರು ಒಗ್ಗಿದ್ದು ಎಂದು ನಾನು ಕೇಳಲಿಲ್ಲ.

ಅದಾಗಿ ಕೆಲವು ಶುಕ್ರವಾರ ನಾನು ಉಸಿರು ಬಿಗಿಹಿಡಿದು ಹೇಗೋ ದಾಟಿಸಿದೆ. ಒಂದು ಶುಕ್ರವಾರ ಆಗಬೇಕಾದದ್ದು ಆಯಿತು. ಅದೇ ಸೇತುವೆ. ಹಿಂದೆ ಮೂರಂತಸ್ತು. ಮುನಿಸಮ್ಮ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕೀಲಿ ತಿರುಗಿಸಿದೆ, ಬೇಡಿಕೊಂಡೆ, ಬೈದೆ, ಇಳಿದು ಟೈರಿಗೆ ಒದ್ದೆ. ಕ್ರೀಮಿನ ಅಂಚು ಬೆವರತೊಡಗಿತ್ತು. ವ್ಯವಸ್ಥಾಪಕಿಯ ಮೆಲುದನಿ ಕಿವಿಯಲ್ಲಿ ಕೇಳಿಸಿತು. ಆರ್ಡರು ಹೋಯಿತು, ನನ್ನ ಕಥೆ ಮುಗಿಯಿತು ಎಂದು ಕೈಚೆಲ್ಲಿ ನಿಂತಿದ್ದಾಗ ಪಕ್ಕದಲ್ಲಿ ಸದ್ದೇ ಇಲ್ಲದೆ ಒಂದು ತಿಳಿನೀಲಿ ಕಾರು ಬಂದು ನಿಂತಿತು. ಗಾಜು ತಾನಾಗಿ ಇಳಿಯಿತು. ಒಳಗಿನಿಂದ ತಣ್ಣನೆಯ ಗಾಳಿ. ಸ್ಟೀರಿಂಗಿನ ಹಿಂದೆ ಅಕ್ಕ. ಪಕ್ಕದಲ್ಲಿ ನಮ್ಮವರು. ಶಾಲೆಯಿಂದ ಬರುವಾಗ ಅಕ್ಕ ಅವರನ್ನು ಕೋರ್ಟಿನ ಬಸ್ ಸ್ಟಾಪಿನಲ್ಲಿ ಕಂಡು ಹತ್ತಿಸಿಕೊಂಡಿದ್ದಳು.

ಹತ್ತು ವರ್ಷದಲ್ಲಿ ಮೊದಲ ಸಲ ನನ್ನ ಗಂಡ, ಸ್ವಂತ ಕಣ್ಣಿನಿಂದ, ಮುನಿಸಮ್ಮ ನಡುದಾರಿಯಲ್ಲಿ ನಿಂತದ್ದನ್ನು ನೋಡುತ್ತಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಇದೇ ಗಳಿಗೆಗೆ ನಾನು ಎಷ್ಟು ಹಂಬಲಿಸಿದ್ದೆ.

"ಏನೇ, ಗಾಡಿ ನಿಂತುಹೋಯ್ತಾ?" ಎಂದಳು ಅಕ್ಕ. ಹುಬ್ಬು ಮೇಲೇರಿತ್ತು. ನೀಲಿ ಕೊಡೆ ಆಗಲೇ ನನ್ನ ಕಣ್ಣೆದುರು ಬಿಚ್ಚಿಕೊಳ್ಳುತ್ತಿತ್ತು.

"ಇಲ್ಲಪ್ಪ" ಎಂದೆ. "ನಾನೇ ನಿಲ್ಲಿಸಿದ್ದು."

"ಸೇತುವೆ ಮಧ್ಯ?"

"ಕೇಕಿಗೆ ಸ್ವಲ್ಪ ಗಾಳಿ ಆಡ್ಲಿ ಅಂತ."

ನಮ್ಮವರು ತೃಪ್ತಿಯಿಂದ ತಲೆಯಾಡಿಸಿದರು. "ನಾನೂ ಹಾಗೇ ಅಂದ್ಕೊಂಡೆ. ಸರಿ ಅತ್ತಿಗೆ, ನಾನು ಇಲ್ಲೇ ಇಳೀತೀನಿ. ಇವಳ ಜೊತೆ ಹೋಗ್ತೀನಿ" ಎಂದು ಇಳಿದು ಬಂದು ಮುನಿಸಮ್ಮನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ನಾನು ಸುಮ್ಮನೆ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಕೇಕು ಹೊತ್ತಿಗೆ ಸರಿಯಾಗಿ, ಒಂದು ಗುಲಾಬಿಯೂ ಉದುರದೆ ತಲುಪಿತು. ವ್ಯವಸ್ಥಾಪಕಿ ಮುಂದಿನ ವರ್ಷದ ಶುಕ್ರವಾರಗಳನ್ನೂ ನನಗೇ ಕೊಟ್ಟರು. ಹಾಗಾಗಿ ಈಗ ಪ್ರತಿ ಶುಕ್ರವಾರ ಕೋರ್ಟಿನ ಬಾಗಿಲಿಗೆ ಹೋಗಿ ಕಾಯುತ್ತೇನೆ, ಅವರನ್ನು ಕೂರಿಸಿಕೊಂಡೇ ಕ್ಲಬ್ಬಿಗೆ ಹೊರಡುತ್ತೇನೆ. ಕೋರ್ಟಿನಲ್ಲಿ ಎಲ್ಲರೂ ನಮ್ಮ ದಾಂಪತ್ಯವನ್ನು ಹೊಗಳುತ್ತಾರಂತೆ. ದಾರಿಯುದ್ದಕ್ಕೂ ಅವರು ಹೊಸ ಕಾರು ಕೊಳ್ಳುವವರ ಅವಿವೇಕದ ಬಗ್ಗೆ ಹೇಳುತ್ತಾರೆ, ನಾನು ಹೂಂಗುಟ್ಟುತ್ತೇನೆ. ಹೊಸ ಕಾರಿನ ಮಾತು ನಾನು ಎತ್ತುವ ಹಾಗಿಲ್ಲ. ಎತ್ತಿದರೆ ನನ್ನದೇ ಹೇಳಿಕೆಯನ್ನು, ಓವನ್ ಮೇಲಿನ ಆಣೆಯ ಸಮೇತ, ಒಂದಕ್ಷರ ತಪ್ಪಿಲ್ಲದೆ ಒಪ್ಪಿಸುತ್ತಾರೆ.

ಹೋದ ವಾರ ಅವರಿಗೆ ಜ್ವರ. ಕೋರ್ಟಿಗೆ ರಜೆ ಹಾಕಿ ಮಲಗಿದ್ದರು. ಅತ್ತೆ ಬೇಡವೆಂದರೂ ಕೇಳದೆ, ಕಿವಿಗೆ ಹತ್ತಿ ಇಟ್ಟು, ಕಂಬಳಿ ಸುತ್ತಿ, ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಅಕ್ಕ ಗಾಜು ಇಳಿಸಿ ನೋಡಿ, "ಜ್ವರ ಬಂದೋರನ್ನೂ ಬಿಟ್ಟಿರಲ್ವಲ್ಲೇ, ಎಷ್ಟು ಪ್ರೀತಿ" ಎಂದಳು.

"ಹೂಂ ಅಕ್ಕ" ಎಂದೆ. ಹಸಿರು ದೀಪ ಬಂತು, ಮುನಿಸಮ್ಮ ಕೆಮ್ಮದೆ ಹೊರಟಿತು. ಕೆಮ್ಮಿದ್ದು ನಮ್ಮವರು.